ಗಂಟಲು ಎಲ್ಲಿ ಮುಚ್ಚುತ್ತದೆ ಎಂಬುದು ಮೊದಲು ತಿಳಿಯಲಿ

ಪ್ರಶ್ನೆ: ನನಗೆ 56 ವರ್ಷ. ಊರು ಶಿವಮೊಗ್ಗ, ಇಪ್ಪತ್ತೆರಡು ವರ್ಷಗಳಿಂದ ಅಮೆರಿಕದ ಡಲ್ಲಾಸ್‌ನಲ್ಲಿದ್ದೇನೆ. ಎತ್ತರ 170 ಸೆಂ.ಮೀ., ತೂಕ 96 ಕಿಲೋ. ಎರಡು ವರ್ಷದ ಹಿಂದೆ ಸ್ಲೀಪ್ ಸ್ಟಡಿ (ನಿದ್ದೆಯ ಪರೀಕ್ಷೆ) ಮಾಡಿಸಿದಾಗ ಸ್ಲೀಪ್ ಅಪ್ನಿಯ, ಅಂದರೆ ನಿದ್ದೆಯಲ್ಲಿ ಉಸಿರುಕಟ್ಟುವ ಕಾಯಿಲೆ, ಇದೆಯೆಂದು ಗೊತ್ತಾಯಿತು; ಅದರ ತೀವ್ರತೆ ಹೇಳುವ ಎಎಚ್‌ಐ 41 ಬಂದಿತ್ತು. ಮಾಸ್ಕಿನ ಮೂಲಕ ಗಾಳಿಯನ್ನು ಒತ್ತಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟರು. ಹದಿನಾಲ್ಕು ತಿಂಗಳು ಹೆಣಗಾಡಿದೆ. ರಾತ್ರಿ ಎರಡು–ಮೂರು ಗಂಟೆಯ ಹೊತ್ತಿಗೆ ನನಗೇ ಗೊತ್ತಿಲ್ಲದೆ ಮಾಸ್ಕನ್ನು ಕಿತ್ತು ಹಾಕಿರುತ್ತೇನೆ. ಈಗ ಇಎನ್‌ಟಿ ವೈದ್ಯರು ಎದೆಯಲ್ಲಿ ‘ಇನ್‌ಸ್ಪೈರ್’ ಎಂಬ ಸಾಧನವನ್ನು ಕೂರಿಸಿ ನಾಲಗೆಯ ನರವನ್ನು ಪ್ರಚೋದಿಸುವ ಚಿಕಿತ್ಸೆಯನ್ನು ಸೂಚಿಸಿದ್ದಾರೆ. ಹೆಂಡತಿಗೆ ಭಯ. ಬೆಂಗಳೂರಿನ ಅಣ್ಣ, ಅದೆಲ್ಲ ಬೇಡ, ತೂಕ ಇಳಿಸು ಎನ್ನುತ್ತಾನೆ. ನಿವೃತ್ತಿಯಾದ ಮೇಲೆ ಊರಿಗೆ ಮರಳುವ ಯೋಚನೆಯೂ ಇದೆ. ಮಾಡಿಸಿಕೊಳ್ಳಬಹುದೇ?

ಉತ್ತರ: ಮಾಡಿಸಿಕೊಳ್ಳಬಹುದು, ಆದರೆ ಈಗಲೇ ಅಲ್ಲ. ನೀವು ಕೊಟ್ಟಿರುವ ವಿವರಗಳಲ್ಲಿ ಎರಡು ಸಂಗತಿಗಳು ಇಲ್ಲ. ನಿಮ್ಮ ಗಂಟಲು ನಿದ್ದೆಯಲ್ಲಿ ಯಾವ ಜಾಗದಲ್ಲಿ, ಯಾವ ರೀತಿಯಲ್ಲಿ ಮುಚ್ಚಿಕೊಳ್ಳುತ್ತದೆ ಎಂಬುದು ಒಂದು. ರಾತ್ರಿ ಎರಡು ಗಂಟೆಗೆ ಮಾಸ್ಕು ಕಳಚುವುದು ಏಕೆ ಎಂಬುದು ಇನ್ನೊಂದು. ಇವೆರಡೂ ಇತ್ಯರ್ಥವಾಗದೆ ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಗೊತ್ತುಮಾಡಿಕೊಳ್ಳಬೇಡಿ. ನಾನು ನಿದ್ರಾವೈದ್ಯ, ಈ ಸಾಧನವನ್ನು ಅಳವಡಿಸುವ ಶಸ್ತ್ರವೈದ್ಯನಲ್ಲ. ಅಳವಡಿಸಿಕೊಂಡವರನ್ನು ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ, ಮುಂದಿನ ಮಾತುಗಳನ್ನು ಆ ಕಡೆಯಿಂದ ಬಂದವೆಂದೇ ಓದಿಕೊಳ್ಳಿ.

ಗೊರಕೆ ಹೊಡೆದು ಮಲಗುವುದೆಂದರೆ ಸುಖನಿದ್ರೆ ಎಂಬ ಅರ್ಥ ನಮ್ಮ ಮಾತಿನಲ್ಲೇ ಬೇರೂರಿದೆ. ವಾಸ್ತವದಲ್ಲಿ ಗೊರಕೆಯು ಕಿರಿದಾದ ದಾರಿಯಲ್ಲಿ ಗಾಳಿ ತೂರಿಹೋಗುವಾಗ ಅಂಗುಳ ಅದುರುವ ಸದ್ದು. ಮೂಗಿನ ಹಿಂಬದಿಯಿಂದ ಧ್ವನಿಪೆಟ್ಟಿಗೆಯವರೆಗಿನ ನಾಳಕ್ಕೆ ಎದೆಗೂಡಿಗಿರುವಂತೆ ಮೂಳೆಯ ಆಸರೆಯಿಲ್ಲ, ಶ್ವಾಸನಾಳಕ್ಕಿರುವಂತೆ ಮೃದ್ವಸ್ಥಿಯ ಬಳೆಗಳೂ ಇಲ್ಲ; ಅದನ್ನು ತೆರೆದಿಟ್ಟಿರುವುದು ಸ್ನಾಯುಗಳ ಬಿಗುವು ಮಾತ್ರ. ಎಚ್ಚರವಿದ್ದಾಗ ಆ ಬಿಗುವು ತಾನೇ ತಾನಾಗಿ ಇರುತ್ತದೆ, ನಿದ್ದೆ ಹತ್ತಿದಂತೆ ಸಡಿಲಗೊಳ್ಳುತ್ತದೆ, ಕನಸು ಬೀಳುವ ಹಂತದಲ್ಲಿ ಇನ್ನೂ ಸಡಿಲವಾಗುತ್ತದೆ. ಉಸಿರೆಳೆದಾಗ ಒಳಗೆ ಉಂಟಾಗುವ ಹೀರುವಿಕೆಗೆ ಸಡಿಲಾದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡರೆ ದಾರಿ ಮುಚ್ಚಿತು. ಎದೆ ಏಳುತ್ತದೆ, ಹೊಟ್ಟೆ ಏಳುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದ ಆಮ್ಲಜನಕ ಇಳಿಯುತ್ತದೆ, ಮಿದುಳು ಅರೆಗಳಿಗೆ ಎಚ್ಚರಗೊಂಡು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ಒಂದು ದೊಡ್ಡ ಉಸಿರು ಬರುತ್ತದೆ, ಮತ್ತೆ ನಿದ್ದೆ, ಮತ್ತೆ ಅದೇ ಕಥೆ. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಂತ ಅಥವಾ ಗಣನೀಯವಾಗಿ ಕುಗ್ಗಿದ ಸಂದರ್ಭಗಳನ್ನು ಎಣಿಸಿ, ಗಂಟೆಗೆ ಸರಾಸರಿ ಎಷ್ಟೆಂದು ಹೇಳುವ ಅಂಕಿಯೇ ಎಎಚ್‌ಐ. ಐದರಿಂದ ಹದಿನೈದರವರೆಗೆ ಸೌಮ್ಯ, ಮೂವತ್ತರವರೆಗೆ ಮಧ್ಯಮ, ಅದರಾಚೆಗೆ ತೀವ್ರ. ನಿಮ್ಮದು 41, ಎಂದರೆ ಸರಾಸರಿ ಒಂದೂವರೆ ನಿಮಿಷಕ್ಕೊಮ್ಮೆ. ಇದಕ್ಕೆ ಏನಾದರೊಂದು ಚಿಕಿತ್ಸೆ ಆಗಲೇಬೇಕು. ಸಿಪ್ಯಾಪ್ ಒಗ್ಗಲಿಲ್ಲವೆಂದು ಕೈಕಟ್ಟಿ ಕೂರುವಂಥ ಅಂಕಿ ಇದಲ್ಲ.

ನಾಲಗೆಯನ್ನು ಗಲ್ಲದ ಒಳಬದಿಗೆ ಕಟ್ಟಿಹಾಕಿರುವ ಬೀಸಣಿಗೆಯಾಕಾರದ ದೊಡ್ಡ ಸ್ನಾಯುವೊಂದಿದೆ, ಅದರ ಹೆಸರು ಜೀನಿಯೋಗ್ಲಾಸಸ್. ಅದು ಬಿಗಿಯಾದರೆ ನಾಲಗೆಯ ಬುಡ ಮುಂದಕ್ಕೆ ಬರುತ್ತದೆ. ಅದಕ್ಕೆ ಆಜ್ಞೆ ತಲುಪಿಸುವುದು ಹೈಪೊಗ್ಲಾಸಲ್ ನರ, ಅಂದರೆ ಮಿದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಕೊನೆಯದು. ಈ ನರದಲ್ಲಿರುವುದು ಚಲನೆಯ ತಂತುಗಳು. ರುಚಿಯೂ ಸ್ಪರ್ಶವೂ ಬೇರೆ ನರಗಳ ಪಾಲಿಗೆ ಸೇರಿದವು. ಊಟದ ರುಚಿ ಕೆಟ್ಟುಹೋಗುತ್ತದೆಂಬ ಅಂಜಿಕೆ ನಿಮ್ಮ ಮನೆಯವರಿಗಿದ್ದರೆ ಅದನ್ನು ಇಲ್ಲಿಯೇ ಬಿಡಬಹುದು. ಶಸ್ತ್ರವೈದ್ಯರು ದವಡೆಯ ಕೆಳಗೆ, ಬಲಗಡೆ, ಒಂದು ಗಾಯ ಮಾಡಿ ಆ ನರವನ್ನು ಹುಡುಕುತ್ತಾರೆ. ನರದ ಕೆಲವು ಎಳೆಗಳು ನಾಲಗೆಯನ್ನು ಮುಂದಕ್ಕೆ ಚಾಚಿಸುತ್ತವೆ, ಕೆಲವು ಹಿಂದಕ್ಕೆ ಸೆಳೆಯುತ್ತವೆ. ಮುಂದಕ್ಕೆ ಚಾಚಿಸುವ ಎಳೆಗಳನ್ನಷ್ಟೇ ಬೇರ್ಪಡಿಸಿ ಅವುಗಳ ಸುತ್ತ ಪುಟ್ಟ ಪಟ್ಟಿಯೊಂದನ್ನು ಸುತ್ತುವುದೇ ಇಡೀ ಕೆಲಸದ ನಾಜೂಕು ಭಾಗ. ಹಿಂದಕ್ಕೆ ಸೆಳೆಯುವ ಒಂದೆಳೆ ಪಟ್ಟಿಯೊಳಗೆ ಸೇರಿಕೊಂಡರೂ ಸಾಧನ ತನಗೆ ತಾನೇ ಅಡ್ಡಗಾಲು ಹಾಕಿದಂತಾಗುತ್ತದೆ. ಆದ್ದರಿಂದಲೇ ಶಸ್ತ್ರಚಿಕಿತ್ಸೆಯ ನಡುವೆ ನಾಲಗೆಗೆ ಸೂಜಿ ಎಲೆಕ್ಟ್ರೋಡುಗಳನ್ನು ಚುಚ್ಚಿ, ಒಂದೊಂದು ಎಳೆಯನ್ನೂ ಪ್ರಚೋದಿಸಿ, ಯಾವುದು ಯಾವ ಸ್ನಾಯುವನ್ನು ಆಡಿಸುತ್ತದೆಂದು ನೋಡಿಕೊಂಡೇ ಮುಂದುವರಿಯುತ್ತಾರೆ.

ಎರಡನೆಯ ಗಾಯ ಬಲಗಡೆಯ ಕಾಲರ್ ಬೋನಿನ ಕೆಳಗೆ. ಅಲ್ಲಿ ಚರ್ಮದಡಿಯಲ್ಲಿ ಪೇಸ್‌ಮೇಕರಿನಂಥ ಬ್ಯಾಟರಿ ಪೆಟ್ಟಿಗೆ ಕೂರುತ್ತದೆ. ಅದರಿಂದ ಹೊರಟ ತಂತಿ ಕುತ್ತಿಗೆಯ ಚರ್ಮದೊಳಗೇ ಹಾದು ನರದ ಪಟ್ಟಿಯನ್ನು ಸೇರುತ್ತದೆ. ಮೊದಲೆಲ್ಲ ಉಸಿರನ್ನು ಗುರುತಿಸುವ ಸಂವೇದಕಕ್ಕೆಂದು ಪಕ್ಕೆಲುಬುಗಳ ನಡುವೆ ಇನ್ನೊಂದು ತಂತಿ ಹಾಕಬೇಕಾಗುತ್ತಿತ್ತು. 2024ರ ಆಗಸ್ಟಿನಲ್ಲಿ ಅಮೆರಿಕದ ಔಷಧ–ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಅನುಮತಿ ಪಡೆದ ಐದನೆಯ ಆವೃತ್ತಿಯಲ್ಲಿ ಸಂವೇದಕ ಪೆಟ್ಟಿಗೆಯೊಳಗೇ ಇರುವುದರಿಂದ ಆ ತಂತಿಯೂ ಅದರ ತಾಪತ್ರಯಗಳೂ ತಪ್ಪಿವೆ. ನಿಮಗೆ ಯಾವ ಆವೃತ್ತಿಯನ್ನು ಹಾಕುತ್ತಾರೆಂದು ಕೇಳಿಕೊಳ್ಳಿ. ಮಲಗುವಾಗ ರಿಮೋಟು ಒತ್ತಿದರೆ, ನಿದ್ದೆ ಹತ್ತಲು ಅರ್ಧ ಗಂಟೆಯಷ್ಟು ಬಿಡುವು ಕೊಟ್ಟು, ಆಮೇಲೆ ಪ್ರತಿ ಉಸಿರಿಗೂ ಹೊಂದಿಕೊಂಡು ನರಕ್ಕೆ ಸಣ್ಣ ಪ್ರಚೋದನೆ ಹೋಗುತ್ತದೆ. ಬೆಳಿಗ್ಗೆ ಎದ್ದು ಮತ್ತೆ ಒತ್ತಿದರೆ ನಿಲ್ಲುತ್ತದೆ. ಹಗಲಿನಲ್ಲಿ ಅದು ಸುಮ್ಮನಿರುತ್ತದೆ. ಬ್ಯಾಟರಿಯ ಆಯುಸ್ಸು ಸುಮಾರು ಹನ್ನೊಂದು ವರ್ಷ. ಮುಗಿದ ಮೇಲೆ ಪೆಟ್ಟಿಗೆಯನ್ನು ಬದಲಿಸಲು ಇನ್ನೊಂದು ಚಿಕ್ಕ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಇದೆಲ್ಲ ಎಷ್ಟರಮಟ್ಟಿಗೆ ಫಲಿಸುತ್ತದೆ? ಇನ್‌ಸ್ಪೈರ್‌ಗೆ ಎಫ್‌ಡಿಎ ಅನುಮತಿ ಸಿಕ್ಕಿದ್ದು 2014ರ ಏಪ್ರಿಲ್‌ನಲ್ಲಿ. ಅದಕ್ಕೆ ಆಧಾರವಾದದ್ದು ಅದೇ ವರ್ಷದ ಜನವರಿಯಲ್ಲಿ ಪ್ರಕಟವಾದ ‘ಸ್ಟಾರ್’ ಅಧ್ಯಯನ. ಅಮೆರಿಕ ಮತ್ತು ಯುರೋಪಿನ 22 ಕೇಂದ್ರಗಳಲ್ಲಿ 126 ಜನರಿಗೆ ಸಾಧನ ಅಳವಡಿಸಿ ವರ್ಷದ ನಂತರ ಪರೀಕ್ಷಿಸಿದಾಗ, ಎಎಚ್‌ಐಯ ಮಧ್ಯಾಂಕ 29.3ರಿಂದ 9ಕ್ಕೆ ಇಳಿದಿತ್ತು. ಫಲ ಕಂಡವರಲ್ಲಿ 46 ಜನರನ್ನು ಎರಡು ಗುಂಪು ಮಾಡಿ ಒಂದು ಗುಂಪಿನವರ ಸಾಧನವನ್ನು ಒಂದು ವಾರ ನಿಲ್ಲಿಸಿದಾಗ ಅವರ ಕಾಯಿಲೆ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೇ ಮರಳಿತು. ಇಳಿಕೆ ಸಾಧನದಿಂದಲೇ ಆದದ್ದು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ಜಾಹೀರಾತಾಗುತ್ತದೆ. ಆ ಅಧ್ಯಯನದಲ್ಲಿ ಫಲ ಕಂಡವರೆಂದು ಎಣಿಸಿದ್ದು ಸುಮಾರು ಮೂರರಲ್ಲಿ ಎರಡು ಪಾಲು ಜನರನ್ನು. ಫಲವೆಂದರೆ ಎಎಚ್‌ಐ ಅರ್ಧಕ್ಕಿಂತ ಕಡಿಮೆಯಾಗಿ 20ರ ಕೆಳಗೆ ಬರುವುದು ಎಂಬುದು ಅಲ್ಲಿನ ವ್ಯಾಖ್ಯೆ. ಆ ಲೆಕ್ಕದಲ್ಲಿ ನಿಮ್ಮ 41 ಇಳಿದು 18ಕ್ಕೆ ನಿಂತರೂ ಯಶಸ್ಸೇ. ಆದರೆ 18 ಎಂಬುದು ಈಗಷ್ಟೇ ಹೇಳಿದ ವರ್ಗೀಕರಣದಲ್ಲಿ ಇನ್ನೂ ಮಧ್ಯಮ ತೀವ್ರತೆಯ ಕಾಯಿಲೆ. ವೈದ್ಯರು ಯಶಸ್ಸಿನ ಪ್ರಮಾಣ ಹೇಳಿದಾಗ ಯಾವ ಅಳತೆಗೋಲಿನ ಯಶಸ್ಸು ಎಂದು ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ಮಾತು. ಆ 126 ಜನರನ್ನು ಆರಿಸಿದ್ದು 929 ಜನರನ್ನು ಜರಡಿ ಹಿಡಿದು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 32ಕ್ಕಿಂತ ಹೆಚ್ಚಿದ್ದವರನ್ನು ಸೇರಿಸಿಕೊಂಡಿರಲಿಲ್ಲ. ನಿಮ್ಮ ಎತ್ತರ–ತೂಕಕ್ಕೆ ಬಿಎಂಐ 33 ಆಗುತ್ತದೆ. ಆ ಅಧ್ಯಯನದ ಬಾಗಿಲಲ್ಲೇ ನಿಮ್ಮನ್ನು ವಾಪಸು ಕಳಿಸುತ್ತಿದ್ದರು. 2023ರಲ್ಲಿ ಎಫ್‌ಡಿಎ ಮಿತಿಗಳನ್ನು ಸಡಿಲಿಸಿ, ಎಎಚ್‌ಐ 100ರವರೆಗೆ, ಬಿಎಂಐ 40ರವರೆಗೆ ಅವಕಾಶ ಕೊಟ್ಟಿದೆ. ಹಾಗಾಗಿ ಇಂದು ನೀವು ಅನರ್ಹರಲ್ಲ. ಆದರೆ ಅವಕಾಶ ಸಿಕ್ಕಿತೆಂದ ಮಾತ್ರಕ್ಕೆ ತೂಕ ಹೆಚ್ಚಿದಂತೆ ಫಲ ತಗ್ಗುವ ಪ್ರವೃತ್ತಿ ಇಲ್ಲವಾಗುವುದಿಲ್ಲ. ಕುತ್ತಿಗೆಯಲ್ಲಿ, ನಾಲಗೆಯಲ್ಲೇ ಕೂಡ, ಕೊಬ್ಬು ತುಂಬಿಕೊಂಡಷ್ಟೂ ಒಂದು ಸ್ನಾಯುವಿನ ಎಳೆತಕ್ಕೆ ದಾರಿ ತೆರೆಯುವುದು ಕಷ್ಟವಾಗುತ್ತ ಹೋಗುತ್ತದೆ.

ಮೊದಲಿಗೆ ಹೇಳಿದ ವಿಷಯಕ್ಕೆ ಬರುತ್ತೇನೆ. ಗಂಟಲು ಎಲ್ಲಿ ಮುಚ್ಚುತ್ತದೆಂದು ತಿಳಿಯಲು ಔಷಧದಿಂದ ನಿದ್ದೆ ಬರಿಸಿ ಮೂಗಿನ ಮೂಲಕ ತೆಳ್ಳನೆಯ ಅಂತರ್ದರ್ಶಕವನ್ನು (ಎಂಡೋಸ್ಕೋಪ್) ಇಳಿಸಿ ನೋಡುವ ಪರೀಕ್ಷೆಯಿದೆ. ಡೈಸ್ ಎಂದು ಕರೆಯುತ್ತಾರೆ. ಹತ್ತು–ಹದಿನೈದು ನಿಮಿಷದ ಕೆಲಸ. ಪರದೆಯಲ್ಲಿ ಮೊದಲು ಕಾಣುವುದು ಮೃದು ಅಂಗುಳದ ಹಿಂದಿನ ಕಿಂಡಿ. ರೋಗಿ ಗೊರಕೆ ಶುರುಮಾಡಿದಂತೆ ಆ ಕಿಂಡಿ ಅದುರತೊಡಗುತ್ತದೆ, ಆಮೇಲೆ ಮುಚ್ಚುತ್ತದೆ. ಮುಚ್ಚುವ ಬಗೆ ಎಲ್ಲರಲ್ಲೂ ಒಂದೇ ಅಲ್ಲ. ಕೆಲವರಲ್ಲಿ ಅಂಗುಳ ಬಾಗಿಲಿನಂತೆ ಮುಂದಿನಿಂದ ಹಿಂದಕ್ಕೆ ಬಂದು ಹಿಂಗೋಡೆಗೆ ಒರಗುತ್ತದೆ; ಅಂತರ್ದರ್ಶಕವನ್ನು ಕೆಳಗಿಳಿಸಿದರೆ ನಾಲಗೆಯ ಬುಡವೂ ಹಾಗೆಯೇ ಹಿಂದಕ್ಕೆ ಕುಸಿದಿರುವುದು ಕಾಣುತ್ತದೆ. ಇನ್ನು ಕೆಲವರಲ್ಲಿ, ನಮ್ಮ ಅಜ್ಜಿಯರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿಯ ದಾರವನ್ನು ಎರಡೂ ಕಡೆಯಿಂದ ಎಳೆದಾಗ ಅದರ ಬಾಯಿ ಸುತ್ತಲಿನಿಂದಲೂ ನಡುವಿಗೆ ನೆರಿಗೆಗಟ್ಟಿ ಕೂಡಿಕೊಳ್ಳುತ್ತದಲ್ಲ, ಹಾಗೆ ಮುಚ್ಚುತ್ತದೆ. ಮೊದಲನೆಯ ಬಗೆಯವರಲ್ಲಿ ನಾಲಗೆ ಮುಂದೆ ಬಂದರೆ, ಅದಕ್ಕೂ ಅಂಗುಳಕ್ಕೂ ನಡುವೆ ಇರುವ ಸ್ನಾಯುವಿನ ಜೋಡಣೆಯಿಂದಾಗಿ ಅಂಗುಳವೂ ಜೊತೆಗೆ ಮುಂದಕ್ಕೆ ಸರಿದು ದಾರಿ ಬಿಡುತ್ತದೆ. ಎರಡನೆಯ ಬಗೆಯಲ್ಲಿ ಪಕ್ಕದ ಗೋಡೆಗಳು ಒಳಕ್ಕೆ ಬಂದಿರುವುದರಿಂದ ನಾಲಗೆಯನ್ನು ಎಷ್ಟು ಮುಂದೆ ತಂದರೂ ಸಂಚಿಯ ಬಾಯಿ ಬಿಚ್ಚಿಕೊಳ್ಳುವುದಿಲ್ಲ. ಅಂಗುಳದ ಮಟ್ಟದಲ್ಲಿ ಹೀಗೆ ಪೂರ್ತಿ ಸುತ್ತಲಿನಿಂದ ಮುಚ್ಚುವವರಿಗೆ ಇನ್‌ಸ್ಪೈರ್ ಹಾಕುವಂತಿಲ್ಲವೆಂದು ನಿಯಮವೇ ಇದೆ, ಮತ್ತು ತೂಕ ಹೆಚ್ಚಿದ್ದವರಲ್ಲಿ ಈ ಬಗೆ ಕಾಣುವ ಸಂಭವ ಹೆಚ್ಚು. ನಿಮ್ಮ ಪತ್ರದಲ್ಲಿ ಈ ಪರೀಕ್ಷೆಯ ಮಾತೇ ಇಲ್ಲ. ಬರೆಯಲು ಮರೆತಿದ್ದರೆ ಸರಿ. ಮಾಡಿಸಿಯೇ ಇಲ್ಲವಾದರೆ ಮಿಕ್ಕ ಚರ್ಚೆಯೆಲ್ಲ ಅದರ ಫಲಿತಾಂಶ ಬಂದ ಮೇಲಿನದು. ಸಾಧ್ಯವಾದರೆ ಆ ವಿಡಿಯೊವನ್ನು ನೀವೂ ನೋಡಿ. ನೋಡಿದ ರೋಗಿಗಳು ಆಮೇಲೆ ಕೇಳುವ ಪ್ರಶ್ನೆಗಳ ಮಟ್ಟವೇ ಬೇರೆ.

ಈಗ ಮಾಸ್ಕಿನ ವಿಷಯ. ‘ಸಿಪ್ಯಾಪ್ ನನಗೆ ಆಗುವುದಿಲ್ಲ’ ಎಂದು ಬರುವವರಲ್ಲಿ ಹಲವರಿಗೆ ಆಗದಿರುವುದು ಸಿಪ್ಯಾಪ್ ಅಲ್ಲ, ಒಂದು ನಿರ್ದಿಷ್ಟ ಮಾಸ್ಕು. ನಿಮ್ಮ ಯಂತ್ರದಲ್ಲಿ ಪ್ರತಿ ರಾತ್ರಿಯ ದಾಖಲೆ ಇರುತ್ತದೆ. ಒತ್ತಡ ಎಷ್ಟಿತ್ತು, ಗಾಳಿ ಎಷ್ಟು ಸೋರಿತು, ಎಷ್ಟು ಹೊತ್ತಿಗೆ ಮಾಸ್ಕು ಕಳಚಿತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ನಿಮ್ಮಂತೆಯೇ ಬೆಳಗಿನ ಜಾವದ ಹೊತ್ತಿಗೆ ಮಾಸ್ಕು ಕೀಳುತ್ತಿದ್ದ ಕನ್ನಡಿಗರೊಬ್ಬರ ದಾಖಲೆ ತೆರೆದು ನೋಡಿದಾಗ, ಕೀಳುವ ಹತ್ತು ಹದಿನೈದು ನಿಮಿಷ ಮೊದಲಿನಿಂದಲೂ ಸೋರಿಕೆಯ ಗೆರೆ ಗುಡ್ಡದಂತೆ ಏರಿರುವುದು ಪ್ರತಿ ರಾತ್ರಿಯೂ ಕಂಡಿತು. ಕನಸಿನ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲಿ ಹೆಚ್ಚು; ಆಗ ಗಂಟಲು ಇನ್ನಷ್ಟು ಸಡಿಲವಾಗಿ, ತಾನೇ ಒತ್ತಡ ಹೊಂದಿಸಿಕೊಳ್ಳುವ ಯಂತ್ರ ಜೋರಾಗಿ ಊದುತ್ತದೆ; ಅವರ ದಪ್ಪ ಮೀಸೆಯ ಮೇಲೆ ಮಾಸ್ಕಿನ ಅಂಚು ಕೂರದೆ ಗಾಳಿ ಸೀದಾ ಕಣ್ಣಿಗೆ ಹೊಡೆಯುತ್ತಿತ್ತು. ಮೂಗಿನ ಹೊಳ್ಳೆಗಳಿಗೆ ನೇರ ಕೂರುವ ಪುಟ್ಟ ಮಾಸ್ಕಿಗೆ ಬದಲಾಯಿಸಿದೆವು, ಒತ್ತಡದ ಮೇಲ್ಮಿತಿಯನ್ನು ಇಳಿಸಿದೆವು. ಮೀಸೆ ಉಳಿಯಿತು, ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ. ನಿಮಗೂ ಹೀಗೆಯೇ ಆಗುತ್ತದೆಂದು ಹೇಳಲಾರೆ. ಕೆಲವರಿಗೆ ಮೂಗು ಕಟ್ಟಿರುತ್ತದೆ, ಕೆಲವರಿಗೆ ಗಾಳಿ ಹೊಟ್ಟೆಗೆ ಹೋಗಿ ಉಬ್ಬರಿಸುತ್ತದೆ, ಕೆಲವರಿಗೆ ಮುಖಕ್ಕೆ ಏನು ಕಟ್ಟಿದರೂ ಜೀವ ಹಿಡಿದಂತಾಗುತ್ತದೆ. ಅವರ ಕಷ್ಟ ನಿಜವಾದದ್ದು, ಅದಕ್ಕೆ ಛಲವಿಲ್ಲದವರು ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ. ಹೇಗಿದ್ದರೂ ವಿಮೆಯವರು ಸಿಪ್ಯಾಪ್ ಫಲಿಸಲಿಲ್ಲವೆಂಬುದಕ್ಕೆ ದಾಖಲೆ ಕೇಳಿಯೇ ಕೇಳುತ್ತಾರೆ. ಆ ದಾಖಲೆಯನ್ನು ಅವರಿಗೆ ಕಳಿಸುವ ಮೊದಲು ಒಬ್ಬ ನಿದ್ರಾವೈದ್ಯರು ನಿಮ್ಮೆದುರಿಗೆ ಕುಳಿತು ಓದಲಿ.

ಇದೇ ಸಂದರ್ಭದಲ್ಲಿ ಇನ್ನೊಂದನ್ನು ಗಮನಿಸಿಕೊಳ್ಳಿ. ಮಾಸ್ಕು ಕಿತ್ತ ಮೇಲೆ ತಕ್ಷಣ ನಿದ್ದೆಗೆ ಜಾರುತ್ತೀರೋ, ಅಥವಾ ಆಮೇಲೂ ಗಂಟೆಗಟ್ಟಲೆ ಮಗ್ಗುಲು ಬದಲಿಸುತ್ತ ಎಚ್ಚರವಾಗಿಯೇ ಇರುತ್ತೀರೋ? ಎರಡನೆಯದಾದರೆ ನಿಮಗೆ ಉಸಿರುಕಟ್ಟುವಿಕೆಯ ಜೊತೆಗೆ ನಿದ್ರಾಹೀನತೆಯೂ ಇರಬಹುದು. ಮಾಸ್ಕಿಗೆ ಎಚ್ಚರಗೊಳ್ಳುವ ತೆಳುನಿದ್ದೆಯವರು ನಾಲಗೆಯ ಪ್ರಚೋದನೆಗೂ ಎಚ್ಚರಗೊಳ್ಳುತ್ತಾರೆ. ಅಂಥವರು ಸಾಧನವನ್ನು ರಾತ್ರಿಯ ನಡುವೆ ಆರಿಸಿಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಿದ್ರಾಹೀನತೆಗೆ ಮೊದಲು ಚಿಕಿತ್ಸೆ ಮಾಡಿಸಿಕೊಂಡರೆ ಎರಡೂ ದಾರಿಗಳು ಸುಗಮವಾಗುತ್ತವೆ.

ಈ ಎರಡು ಮೆಟ್ಟಿಲು ಹತ್ತಿದ ಮೇಲೂ ಸಾಧನವೇ ಸರಿ ಎಂದು ತೀರ್ಮಾನವಾದರೆ, ಶಸ್ತ್ರಚಿಕಿತ್ಸೆಯ ಬಗ್ಗೆ ಹೆಚ್ಚು ಅಂಜಬೇಕಾಗಿಲ್ಲ. ಪೂರ್ಣ ಅರಿವಳಿಕೆಯಲ್ಲಿ ನಡೆಯುತ್ತದೆ, ಬಹುಪಾಲು ಜನ ಅದೇ ದಿನ ಮನೆಗೆ ಹೋಗುತ್ತಾರೆ, ಗಂಟಲೊಳಗೆ ಕೊಯ್ಯುವ ಹಳೆಯ ಶಸ್ತ್ರಚಿಕಿತ್ಸೆಗಳಷ್ಟು ನೋವೂ ಇರುವುದಿಲ್ಲ. ಸ್ಟಾರ್ ಅಧ್ಯಯನದಲ್ಲಿ ಗಂಭೀರ ತೊಡಕು ಕಂಡವರು ನೂರಕ್ಕೆ ಎರಡಕ್ಕಿಂತ ಕಡಿಮೆ. ಶೇ. 18ರಷ್ಟು ಜನರಿಗೆ ನಾಲಗೆಯ ತಾತ್ಕಾಲಿಕ ನಿತ್ರಾಣ ಬಂದು ಹೋಯಿತು. ಶೇ. 40ರಷ್ಟು ಜನ ಪ್ರಚೋದನೆಯಿಂದ ಒಂದಲ್ಲ ಒಂದು ಹೊತ್ತಿನಲ್ಲಿ ಕಿರಿಕಿರಿಯಾಯಿತೆಂದರು, ಶೇ. 21ರಷ್ಟು ಜನರಿಗೆ ಚಾಚಿದ ನಾಲಗೆ ಕೆಳಹಲ್ಲುಗಳಿಗೆ ಉಜ್ಜಿ ಹುಣ್ಣಾಗಿತ್ತು. ಕೊನೆಯದಕ್ಕೆ ಹಲ್ಲಿಗೊಂದು ಮೆತ್ತನೆಯ ಕವಚ ಮಾಡಿಸಿಕೊಂಡರೆ ಸಾಕಾಗುತ್ತದೆ, ಇಲ್ಲವೇ ಪ್ರಚೋದನೆಯ ವಿನ್ಯಾಸವನ್ನು ಬದಲಾಯಿಸಬೇಕಾಗುತ್ತದೆ. ಸೋಂಕು, ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುವುದು, ವರ್ಷಗಳು ಕಳೆದಂತೆ ತಂತಿ ಸರಿದು ಮತ್ತೆ ಕೂರಿಸಬೇಕಾಗುವುದು ಅಪರೂಪಕ್ಕೆ ಆಗುವಂಥವು, ಆದರೆ ಆಗುವುದೇ ಇಲ್ಲವೆಂದಲ್ಲ.

ಜನ ಎಣಿಸಿರದ ಭಾಗ ಆಮೇಲಿನದು. ಗಾಯ ಮಾಯಲೆಂದು ಒಂದು ತಿಂಗಳು ಸಾಧನವನ್ನು ಮುಟ್ಟುವುದೇ ಇಲ್ಲ; ಆ ತಿಂಗಳಿಡೀ ನಿಮ್ಮ ಕಾಯಿಲೆ ಇದ್ದಂತೆಯೇ ಇರುತ್ತದೆ. ಅನಂತರ ಒಂದು ದಿನ ಹಗಲಿನಲ್ಲಿ ಕುರ್ಚಿಯಲ್ಲಿ ಕೂರಿಸಿ, ಎದೆಯ ಮೇಲೆ ಚಪ್ಪಟೆಯ ಉಪಕರಣವೊಂದನ್ನಿಟ್ಟು, ವೋಲ್ಟಿನ ಹತ್ತನೆಯ ಒಂದು ಭಾಗದಷ್ಟನ್ನೇ ಏರಿಸುತ್ತ ಹೋಗುತ್ತೇವೆ. ಮೊದಲು ರೋಗಿ ‘ಏನೋ ಜುಮ್ಮೆಂದಿತು’ ಎನ್ನುತ್ತಾರೆ. ಇನ್ನೊಂದೆರಡು ಹಂತ ಏರಿಸಿದಾಗ ಅವರು ಏನೂ ಮಾಡದೆಯೇ ನಾಲಗೆ ಕೆಳಹಲ್ಲಿನ ಸಾಲನ್ನು ದಾಟಿ ಮೆಲ್ಲನೆ ಮುಂದೆ ಬಂದು ನಿಲ್ಲುತ್ತದೆ, ಮತ್ತೆ ಒಳಗೆ ಹೋಗುತ್ತದೆ. ಬಹಳ ಜನ ಆ ಕ್ಷಣಕ್ಕೆ ನಗುತ್ತಾರೆ. ನಕ್ಕಾಗ ಉಸಿರಿನ ಲಯ ತಪ್ಪಿ ಯಂತ್ರವೂ ಗಲಿಬಿಲಿಗೊಳ್ಳುವುದರಿಂದ ಎರಡು ನಿಮಿಷ ಕಾಯಬೇಕಾಗುತ್ತದೆ. ನಾಲಗೆ ಮೊದಲು ಅಲುಗಿದ ಮಟ್ಟವನ್ನು ಆರಂಭವಾಗಿಟ್ಟು, ಮೇಲಕ್ಕೊಂದು ಮಿತಿ ಗೊತ್ತುಮಾಡಿ, ಆ ಮಿತಿಯೊಳಗೆ ಮನೆಯಲ್ಲಿ ವಾರಕ್ಕೊಂದು ಹಂತ ಏರಿಸಿಕೊಳ್ಳಿ ಎಂದು ರಿಮೋಟು ಕೊಟ್ಟು ಕಳಿಸುತ್ತೇವೆ. ಎರಡು–ಮೂರು ತಿಂಗಳ ಬಳಿಕ ಮತ್ತೆ ಸ್ಲೀಪ್ ಸ್ಟಡಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಪದೇ ಪದೇ ಎದುರಾಗುತ್ತದೆ. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂದು ಭಾವಿಸಿ, ನನ್ನಲ್ಲಿಗೆ ಬರುವ ಒಬ್ಬರು ಮಿತಿಯ ತುದಿಯವರೆಗೂ ಏರಿಸಿಕೊಂಡಿದ್ದರು. ಬೆಳಿಗ್ಗೆ ನಾಲಗೆ ನೋವು, ಹಗಲಿಡೀ ತೂಕಡಿಕೆ. ಸಾಧನ ಕೆಲಸ ಮಾಡುತ್ತಿಲ್ಲವೆಂಬ ದೂರು. 2.3 ವೋಲ್ಟಿನಿಂದ 1.7ಕ್ಕೆ ಇಳಿಸಿದೆವು. ನಿದ್ದೆ ಒಡೆಯುವುದು ನಿಂತಿತು, ಎಎಚ್‌ಐ ಕೂಡ ಮೊದಲಿಗಿಂತ ಕೆಳಗೆ ಬಂತು. ಜೋರು ಪ್ರಚೋದನೆಯೇ ಅವರನ್ನು ಎಬ್ಬಿಸುತ್ತಿತ್ತು; ಎದ್ದು ಮಲಗುವ ಪ್ರತಿ ಸಂಧಿಕಾಲದಲ್ಲೂ ಉಸಿರು ಅಸ್ಥಿರವಾಗುತ್ತಿತ್ತು. ಅಳವಡಿಕೆ ಎರಡು ಗಂಟೆಯ ಕೆಲಸ, ಹದಗೊಳಿಸುವುದು ಆರು ತಿಂಗಳ ಕೆಲಸ ಎಂದು ನಾನು ಹೇಳುವುದು ಇದಕ್ಕೇ. ಹಾಗಾಗಿ ಶಸ್ತ್ರವೈದ್ಯರ ಕೈಚಳಕದ ಬಗ್ಗೆ ವಿಚಾರಿಸಿದಷ್ಟೇ ಶ್ರದ್ಧೆಯಿಂದ, ಆಮೇಲೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂದು ವಿಚಾರಿಸಿ. ಇನ್ನೊಂದು ಸೂಕ್ಷ್ಮವೂ ಇದೆ. ಲ್ಯಾಬಿನಲ್ಲಿ ರಾತ್ರಿಯಿಡೀ ಬೇರೆ ಬೇರೆ ಮಟ್ಟಗಳನ್ನು ಪರೀಕ್ಷಿಸಿ, ಯಾವುದೋ ಒಂದು ಮಟ್ಟದಲ್ಲಿ ನಲವತ್ತು ನಿಮಿಷ ಚೆನ್ನಾಗಿ ನಿದ್ದೆಯಾದಾಗ ಬಂದ ಅಂಕಿಯನ್ನೇ ‘ನಿಮ್ಮ ಎಎಚ್‌ಐ ಈಗ 6’ ಎಂದು ಹೇಳುವುದುಂಟು. ಆ ಅವಧಿಯಲ್ಲಿ ನೀವು ಮಗ್ಗುಲಾಗಿ ಮಲಗಿದ್ದಿರಬಹುದು, ಕನಸಿನ ನಿದ್ದೆ ಬಂದೇ ಇರದಿರಬಹುದು. ನೆಲೆನಿಂತ ಒಂದೇ ಮಟ್ಟದಲ್ಲಿ, ಮನೆಯಲ್ಲಿ, ಇಡೀ ರಾತ್ರಿ ಅಳೆದ ಅಂಕಿಯನ್ನೇ ಕೇಳಿ ಪಡೆಯಿರಿ.

ಅಣ್ಣನ ಮಾತನ್ನು ತಳ್ಳಿಹಾಕಬೇಡಿ, ಆದರೆ ಪೂರ್ತಿ ಒಪ್ಪಲೂ ಬೇಡಿ. ತೂಕ ಇಳಿದರೆ ಎಎಚ್‌ಐ ಇಳಿಯುವುದು ಖಂಡಿತ. ಭಾರತೀಯರಲ್ಲಿ ಬಿಎಂಐ 25 ದಾಟಿದರೇ ಬೊಜ್ಜು ಎಂದು ಎಣಿಸುತ್ತಾರೆ; ಆ ಲೆಕ್ಕದಲ್ಲಿ ನಿಮ್ಮ 33 ಸಾಕಷ್ಟು ಮೇಲಿದೆ. ಈಗ ಹೊಸ ಸಂಗತಿಯೊಂದು ಸೇರಿಕೊಂಡಿದೆ. ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದಿಗೆ, ಬೊಜ್ಜಿನ ಜೊತೆಗೆ ಮಧ್ಯಮ ಅಥವಾ ತೀವ್ರ ಸ್ಲೀಪ್ ಅಪ್ನಿಯ ಇರುವ ವಯಸ್ಕರಿಗೆಂದು ಎಫ್‌ಡಿಎ 2024ರ ಡಿಸೆಂಬರಿನಲ್ಲಿ ಅನುಮತಿ ಕೊಟ್ಟಿತು; ಅಧ್ಯಯನದಲ್ಲಿ ವರ್ಷದ ಅವಧಿಗೆ ಎಎಚ್‌ಐ ಗಂಟೆಗೆ ಸರಾಸರಿ 25ಕ್ಕೂ ಹೆಚ್ಚು ಇಳಿದಿತ್ತು, ಖಾಲಿ ಮದ್ದು ಪಡೆದವರಲ್ಲಿ ಐದರ ಆಸುಪಾಸು. ನಿಮ್ಮ ವಿಷಯದಲ್ಲಿ ನನ್ನ ಒಲವು ಏನೆಂದು ನೇರವಾಗಿ ಕೇಳಿದರೆ, ಹೊಸ ಮಾಸ್ಕಿನೊಂದಿಗೆ ಸಿಪ್ಯಾಪನ್ನು ಮುಂದುವರಿಸುತ್ತ ಆರು ತಿಂಗಳಿನಿಂದ ಒಂದು ವರ್ಷದವರೆಗೆ ಔಷಧದಿಂದಲೋ ಊಟ–ವ್ಯಾಯಾಮದಿಂದಲೋ ತೂಕವನ್ನು ಇಳಿಸಿ ನೋಡುವುದು. ಹತ್ತು–ಹನ್ನೆರಡು ಕಿಲೋ ಇಳಿದರೆ ಬಿಎಂಐ 30ರ ಕೆಳಗೆ ಬರುತ್ತದೆ. ಆಗಲೂ ಕಾಯಿಲೆ ಉಳಿದಿದ್ದರೆ ನೀವು ಆ ಸಾಧನಕ್ಕೆ ಇಂದಿಗಿಂತ ಉತ್ತಮ ಅಭ್ಯರ್ಥಿ. ಡೈಸ್ ಪರೀಕ್ಷೆಯಲ್ಲಿ ಸಂಚಿಯಂತೆ ಮುಚ್ಚುತ್ತಿದ್ದ ಗಂಟಲು ತೂಕ ಇಳಿದ ಮೇಲೆ ಬಾಗಿಲಿನಂತೆ ಮುಚ್ಚುವ ಗಂಟಲಾಗಿ ಬದಲಾಗುವುದೂ ಉಂಟು. ಆದರೆ ‘ತೂಕ ಇಳಿಯಲಿ, ಆಮೇಲೆ ನೋಡೋಣ’ ಎಂದು ಯಾವ ಚಿಕಿತ್ಸೆಯೂ ಇಲ್ಲದೆ ಒಂದು ವರ್ಷ ಕಳೆಯುವುದು ಸರಿಯಲ್ಲ, ಅದರಲ್ಲೂ ಕಾರು ಓಡಿಸದೆ ದಿನ ನಡೆಯದ ಡಲ್ಲಾಸಿನಂಥ ಊರಿನಲ್ಲಿ. ಮಾಸ್ಕು ಯಾವ ರೀತಿಯಲ್ಲೂ ಆಗದಿದ್ದರೆ, ಕೆಳದವಡೆಯನ್ನು ಮುಂದಿಡುವ ಹಲ್ಲಿನ ಸಾಧನವನ್ನು ದಂತವೈದ್ಯರಿಂದ ಮಾಡಿಸಿಕೊಂಡು ಆ ಅವಧಿಯನ್ನು ದಾಟಿಸಬಹುದು. 41ಕ್ಕೆ ಅದೊಂದೇ ಸಾಲದಿರಬಹುದು, ಏನೂ ಇಲ್ಲದಿರುವುದಕ್ಕಿಂತ ಮೇಲು.

ನಿಮ್ಮ ಮನೆಯವರ ಭಯದ ವಿಚಾರದಲ್ಲಿ ಕೆಲವು ವ್ಯಾವಹಾರಿಕ ಸಂಗತಿಗಳು. ಹಗಲಿನಲ್ಲಿ ಮಾತಿಗಾಗಲಿ ಊಟಕ್ಕಾಗಲಿ ಅಡ್ಡಿಯಿಲ್ಲ. ಪೆಟ್ಟಿಗೆ ಎದೆಯ ಮೇಲೆ ಸ್ವಲ್ಪ ಉಬ್ಬಿದಂತೆ ಕಾಣಬಹುದು. ವಿಮಾನ ನಿಲ್ದಾಣದ ಲೋಹಶೋಧಕ ಕೂಗಿಕೊಂಡರೆ ತೋರಿಸಲು ಕಾರ್ಡು ಕೊಡುತ್ತಾರೆ. ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಯಾವ ಆವೃತ್ತಿಯ ಸಾಧನ, ಎಷ್ಟು ಟೆಸ್ಲಾದ (ಕಾಂತಶಕ್ತಿಯ) ಯಂತ್ರ ಎಂಬ ಷರತ್ತುಗಳಿವೆ, ಮೊದಲೇ ಹೇಳಬೇಕು. ಬೆನ್ನುನೋವಿಗೆಂದು ಫಿಸಿಯೋಥೆರಪಿಗೆ ಹೋದಾಗ ವಿದ್ಯುತ್ ಅಲೆಗಳಿಂದ ಒಳಗೆ ಶಾಖ ಹುಟ್ಟಿಸುವ ಡಯಾಥರ್ಮಿ ಕೊಡಲು ಬಿಡಬಾರದು. ನಮ್ಮೂರುಗಳಲ್ಲಿ ಕೇಳದೆಯೇ ಕೊಡುವುದುಂಟು. ಎದೆಯೊಳಗೆ ಬ್ಯಾಟರಿ ಇರುವುದೇ ಬೇಡವೆನ್ನುವವರಿಗೆ ಬೆಲ್ಜಿಯಂನ ನಿಕ್ಸೋವಾ ಸಂಸ್ಥೆಯ ‘ಜೀನಿಯೋ’ ಎಂಬ ಇನ್ನೊಂದು ಸಾಧನವಿದೆ. ಅದರಲ್ಲಿ ಗಲ್ಲದ ಕೆಳಗೆ ಅಳವಡಿಸುವ ಚಿಕ್ಕ ಭಾಗವೊಂದೇ ದೇಹದೊಳಗಿರುವುದು. ಅದು ಎರಡೂ ಬದಿಯ ನರಗಳನ್ನು ಪ್ರಚೋದಿಸುತ್ತದೆ, ಶಕ್ತಿಯನ್ನು ಪ್ರತಿ ರಾತ್ರಿ ಗಲ್ಲದಡಿಗೆ ಅಂಟಿಸಿಕೊಳ್ಳುವ ಪಟ್ಟಿಯಿಂದ ಪಡೆಯುತ್ತದೆ. ಯುರೋಪಿನಲ್ಲಿ 2019ರಿಂದಲೂ ಅಮೆರಿಕದಲ್ಲಿ 2025ರ ಆಗಸ್ಟಿನಿಂದಲೂ ಅದಕ್ಕೆ ಅನುಮತಿಯಿದೆ. ಗಡ್ಡ ಬಿಡುವವರಿಗೆ ಆ ಪಟ್ಟಿ ಅಂಟುವುದು ಕಷ್ಟ. ಮೀಸೆಯದು ಮುಗಿಯಿತೆಂದರೆ ಗಡ್ಡದ್ದು ಶುರು.

ಕೊನೆಗೆ ಊರಿಗೆ ಮರಳುವ ಪ್ರಶ್ನೆ. ನಿಮ್ಮ ಪತ್ರದಲ್ಲಿ ಅದು ಕೊನೆಯ ಸಾಲಾಗಿ ಬಂದಿದೆ. ನನ್ನ ದೃಷ್ಟಿಯಲ್ಲಿ ಅದು ಮೊದಲ ಸಾಲಿನದು. ಸಿಪ್ಯಾಪ್ ಕೆಟ್ಟರೆ ಶಿವಮೊಗ್ಗದಲ್ಲಿ ಕುಳಿತೇ ಇನ್ನೊಂದನ್ನು ತರಿಸಿಕೊಳ್ಳಬಹುದು, ಮಾಸ್ಕು ಹರಿದರೆ ಬೇರೆ ಕೊಳ್ಳಬಹುದು. ಈ ಸಾಧನದ ಮಟ್ಟಗಳನ್ನು ಬದಲಿಸಲು ಅದರದೇ ಪ್ರೋಗ್ರಾಮರ್ ಬೇಕು, ಅದನ್ನು ಬಳಸಲು ತರಬೇತಿ ಪಡೆದವರು ಬೇಕು, ಹನ್ನೊಂದು ವರ್ಷಕ್ಕೆ ಪೆಟ್ಟಿಗೆ ಬದಲಿಸುವ ಶಸ್ತ್ರವೈದ್ಯರು ಬೇಕು. ಈಗ 56ಕ್ಕೆ ಹಾಕಿಸಿಕೊಂಡರೆ ಬ್ಯಾಟರಿ ಮುಗಿಯುವುದು ನಿಮ್ಮ 67ನೆಯ ವಯಸ್ಸಿನ ಸುಮಾರಿಗೆ, ಎಂದರೆ ಬಹುಶಃ ನೀವು ಊರು ಸೇರಿ ಒಂದೆರಡು ವರ್ಷವಾಗಿರುವಾಗ. ಆದ್ದರಿಂದ, ಭಾರತದಲ್ಲಿ ನೆಲೆಸಿದರೆ ಸಾಧನದ ಮೇಲ್ವಿಚಾರಣೆ ಎಲ್ಲಿ ನಡೆಯುತ್ತದೆ, ರಿಮೋಟು ಕಳೆದುಹೋದರೆ ಬದಲಿ ಹೇಗೆ ಬರುತ್ತದೆ, ಬ್ಯಾಟರಿ ಬದಲಾವಣೆಯ ಖರ್ಚನ್ನು ಯಾರು ಹೊರುತ್ತಾರೆ ಎಂಬುದನ್ನು ಕಂಪನಿಯಿಂದಲೂ ವಿಮೆಯವರಿಂದಲೂ ಬರವಣಿಗೆಯಲ್ಲಿ ಪಡೆಯಿರಿ. 65ರ ನಂತರ ಸಿಗುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆ ಮೆಡಿಕೇರ್ ಭಾರತದಲ್ಲಿ ಆಗುವ ಖರ್ಚನ್ನು ಕೊಡುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆ ಉತ್ತರಗಳು ಕೈಗೆ ಬಂದ ಮೇಲೆ, ಡೈಸ್ ವಿಡಿಯೊದ ವರದಿಯನ್ನೂ ಸಿಪ್ಯಾಪಿನ ಮೂರು ತಿಂಗಳ ದಾಖಲೆಯನ್ನೂ ಜೊತೆಗಿಟ್ಟು ಮತ್ತೊಮ್ಮೆ ಬರೆಯಿರಿ.